ಮಾತಿನ ಸಂಯಮ: ಕೌಶಾಂಬಿಯಿಂದ ಸನ್ನತಿಯವರೆಗೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಕನ್ನಡದ ಹಳೆಯ ಗಾದೆ. ಬೌದ್ಧ ಭಿಕ್ಷುಸಂಘದ ಇತಿಹಾಸದಲ್ಲಿ ಬಹಳ ಹೆಸರಾದ ಜಗಳವೊಂದು ಈ ಗಾದೆಯನ್ನು ಸುಳ್ಳು ಮಾಡಿತು. ಅದು ಹುಟ್ಟಿದ್ದೇ ಮಾತು ಬಲ್ಲ ಇಬ್ಬರ ನಡುವೆ. ಅವರಲ್ಲೊಬ್ಬ, ಧರ್ಮವನ್ನು ಜನರಿಗೆ ತಿಳಿಯುವಂತೆ ಹೇಳುವುದರಲ್ಲಿ ನಿಪುಣನಾದ ಧರ್ಮಕಥಿಕ. ಇನ್ನೊಬ್ಬ, ಸಂಘದ ನಿಯಮಗಳನ್ನೆಲ್ಲ ಕಂಠಸ್ಥ ಮಾಡಿಕೊಂಡಿದ್ದ ವಿನಯಧರ. ಇಬ್ಬರ ಸುತ್ತಲೂ ಶಿಷ್ಯರ ದೊಡ್ಡ ಗುಂಪಿತ್ತು. ಜಗಳಕ್ಕೆ ಕಾರಣವಾದದ್ದು ಒಂದು ಪಾತ್ರೆಯಲ್ಲಿ ಉಳಿದಿದ್ದ ನೀರು.

ಇದು ನಡೆದ ಊರು ಕೌಶಾಂಬಿ. ಯಮುನೆಯ ದಂಡೆಯ ಮೇಲಿದ್ದ ಈ ನಗರ ಬುದ್ಧನ ಕಾಲದಲ್ಲಿ ವತ್ಸ ದೇಶದ ರಾಜಧಾನಿ. ಉದಯನ ಅಲ್ಲಿನ ಅರಸ. ಅದರ ಅವಶೇಷಗಳು ಇಂದಿನ ಉತ್ತರ ಪ್ರದೇಶದಲ್ಲಿ, ಪ್ರಯಾಗದ ಸಮೀಪದಲ್ಲಿವೆ. ಘೋಷಿತನೆಂಬ ಶ್ರೇಷ್ಠಿ ಭಿಕ್ಷುಗಳಿಗೆಂದು ಕಟ್ಟಿಸಿಕೊಟ್ಟ ಘೋಷಿತಾರಾಮವೆಂಬ ವಿಹಾರ ಅಲ್ಲಿತ್ತು. ಅಲಹಾಬಾದ್ ವಿಶ್ವವಿದ್ಯಾಲಯದ ಜಿ. ಆರ್. ಶರ್ಮಾ ಅವರ ನೇತೃತ್ವದಲ್ಲಿ 1950ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಈ ವಿಹಾರದ ಹೆಸರಿದ್ದ ಶಾಸನವೇ ದೊರೆತು ಸ್ಥಳದ ಗುರುತು ಖಚಿತವಾಯಿತು.

ಅಟ್ಟಕಥೆಗಳೆಂಬ ಪಾಲಿ ವ್ಯಾಖ್ಯಾನಗಳು ಜಗಳದ ಮೂಲವನ್ನು ಹೀಗೆ ವಿವರಿಸುತ್ತವೆ. ಶೌಚಕ್ಕೆ ಹೋಗಿದ್ದ ಧರ್ಮಕಥಿಕ ಬಳಸಿ ಉಳಿದ ನೀರನ್ನು ಚೆಲ್ಲದೆ ಪಾತ್ರೆಯಲ್ಲೇ ಬಿಟ್ಟು ಬಂದ. ಅದು ನಿಯಮಕ್ಕೆ ವಿರುದ್ಧ. ಅವನ ನಂತರ ಒಳಹೋದ ವಿನಯಧರ ಅದನ್ನು ಕಂಡು ಕೇಳಿದಾಗ, ಅದು ತಪ್ಪೆಂದು ತನಗೆ ತಿಳಿದಿರಲಿಲ್ಲವೆಂದೂ, ತಪ್ಪಾಗಿದ್ದರೆ ಒಪ್ಪಿಕೊಳ್ಳುವುದಾಗಿಯೂ ಧರ್ಮಕಥಿಕ ಹೇಳಿದ. ಬೇಕೆಂದು ಮಾಡಿರದಿದ್ದರೆ ಅದು ತಪ್ಪಾಗದು ಎಂದು ವಿನಯಧರ ಸಮಾಧಾನ ಹೇಳಿದ. ಮಾತು ಅಲ್ಲಿಗೆ ಮುಗಿಯಬಹುದಿತ್ತು. ಆದರೆ ವಿನಯಧರ ತನ್ನ ಶಿಷ್ಯರ ಬಳಿ, ಆ ಮನುಷ್ಯನಿಗೆ ತಾನು ತಪ್ಪು ಮಾಡಿದ ಅರಿವೂ ಇಲ್ಲವೆಂದು ಆಡಿಕೊಂಡ. ಶಿಷ್ಯರು ಅದನ್ನು ಆ ಕಡೆಯ ಶಿಷ್ಯರಿಗೆ ಮುಟ್ಟಿಸಿದರು. ಎದುರಿಗೊಂದು ಹಿಂದೊಂದು ಹೇಳುವ ಅವನೇ ಸುಳ್ಳುಗಾರನೆಂದು ಧರ್ಮಕಥಿಕ ಸಿಟ್ಟಾದ. ಆ ಮಾತೂ ಈ ಕಡೆಗೆ ಬಂದು ಮುಟ್ಟಿತು. ಕೊನೆಗೆ ವಿನಯಧರ ತನ್ನ ಪಕ್ಷದವರನ್ನು ಕೂಡಿಸಿಕೊಂಡು ಧರ್ಮಕಥಿಕನನ್ನು ಸಂಘದ ವ್ಯವಹಾರಗಳಿಂದ ಹೊರಗಿಟ್ಟ.

ಗಮನಿಸಿ, ಇಬ್ಬರೂ ಎದುರುಬದುರು ನಿಂತು ಮಾತನಾಡಿದಾಗ ಜಗಳವೇ ಇರಲಿಲ್ಲ. ಒಬ್ಬ ತಪ್ಪನ್ನು ಒಪ್ಪಲು ಸಿದ್ಧನಿದ್ದ, ಇನ್ನೊಬ್ಬ ಅದನ್ನು ಮನ್ನಿಸಲು ಸಿದ್ಧನಿದ್ದ. ಮಾತು ಮೂರನೆಯವರ ಬಾಯಿಗೆ ಬಿದ್ದಾಗ ಜಗಳ ಹುಟ್ಟಿತು. ನೀರಿನ ಪಾತ್ರೆಯ ಈ ವಿವರ ವ್ಯಾಖ್ಯಾನಕಾರರದು. ಮೂಲದ ವಿನಯ ಪಿಟಕದಲ್ಲಿ, ಮಹಾವಗ್ಗದ ಹತ್ತನೆಯ ಅಧ್ಯಾಯದಲ್ಲಿ, ತಪ್ಪು ಯಾವುದೆಂಬ ಪ್ರಸ್ತಾಪವೇ ಇಲ್ಲ. ಒಬ್ಬ ಭಿಕ್ಷು ಒಂದು ತಪ್ಪು ಮಾಡಿದ, ಅದು ತಪ್ಪೆಂದು ಕೆಲವರಿಗೆ ಕಂಡಿತು, ಕೆಲವರಿಗೆ ಕಾಣಲಿಲ್ಲ ಎಂದಷ್ಟೇ ಅಲ್ಲಿದೆ. ಆ ಅಧ್ಯಾಯವನ್ನು ಕಟ್ಟಿದವರಿಗೆ ತಪ್ಪಿಗಿಂತ ಆಮೇಲೆ ನಡೆದದ್ದು ಮುಖ್ಯವಾಗಿತ್ತು.

ಸುದ್ದಿ ತಿಳಿದ ಬುದ್ಧ ಮೊದಲು ಹೊರಗಿಟ್ಟವರ ಬಳಿಗೆ ಹೋದ. ತಮಗೆ ಹಾಗೆ ಕಂಡಿತೆಂಬ ಒಂದೇ ಕಾರಣಕ್ಕೆ ಯಾರನ್ನೂ ಹೊರಗಿಡಬಾರದೆಂದು ಅವರಿಗೆ ತಿಳಿಹೇಳಿದ. ಎದುರಿನವನು ಓದಿದವನು, ಆತ್ಮಸಾಕ್ಷಿಯುಳ್ಳವನು, ಅವನಿಗೆ ಪ್ರಾಮಾಣಿಕವಾಗಿಯೇ ಅದು ತಪ್ಪೆಂದು ಕಾಣುತ್ತಿಲ್ಲ. ಹೀಗಿರುವಾಗ ಅವನನ್ನು ಹೊರಗಿಟ್ಟರೆ ಸಂಘ ಒಡೆದೀತೇ ಎಂಬುದನ್ನು ತೂಗಿ ನೋಡಬೇಕು. ಬಳಿಕ ಬುದ್ಧ ಹೊರಗಿಡಲ್ಪಟ್ಟವನ ಪಕ್ಷದವರ ಬಳಿಗೂ ಹೋದ. ತಪ್ಪು ಹೊರಿಸುತ್ತಿರುವವರು ಆಸೆಯಿಂದಲೋ ದ್ವೇಷದಿಂದಲೋ ಭಯದಿಂದಲೋ ದಾರಿ ತಪ್ಪುವವರಲ್ಲವೆಂದು ತಿಳಿದಿದ್ದರೆ, ಅವರ ಮೇಲಿನ ವಿಶ್ವಾಸದಿಂದಾದರೂ ತಪ್ಪನ್ನು ಒಪ್ಪಿಕೊಳ್ಳಬಹುದು ಎಂಬುದು ಅವರಿಗೆ ಹೇಳಿದ ಮಾತು. ಯಾರು ಸರಿ ಎಂಬ ತೀರ್ಪನ್ನು ಅವನು ಇಬ್ಬರಿಗೂ ಕೊಡಲಿಲ್ಲ. ಸರಿಯಾಗಿರುವುದರ ಜೊತೆಗೆ ಇನ್ನೊಂದು ಹೊಣೆಯೂ ಇದೆಯೆಂದು ಇಬ್ಬರಿಗೂ ನೆನಪು ಮಾಡಿಕೊಟ್ಟ.

ಬುದ್ಧನ ಮಾತನ್ನು ಅವನ ಶಿಷ್ಯರೇ ಕೇಳಲಿಲ್ಲ. ಊಟದ ಮನೆಯಲ್ಲಿ, ಊರ ಬೀದಿಯಲ್ಲಿ ಭಿಕ್ಷುಗಳು ಕೈ ಕೈ ಮಿಲಾಯಿಸುವ ತನಕ ವಿಷಯ ಹೋಯಿತು. ಬುದ್ಧ ಮತ್ತೆ ಬಂದು ತಡೆಯಲು ಯತ್ನಿಸಿದಾಗ ಒಬ್ಬ ಭಿಕ್ಷು ಎದ್ದುನಿಂತು, ಭಗವಂತರು ತಮ್ಮ ಧ್ಯಾನಸುಖದಲ್ಲಿ ಇರಲಿ, ಈ ಜಗಳಕ್ಕೆ ಹೊಣೆ ತಾವೇ ಆಗುವುದಾಗಿ ವಿನಯದಿಂದಲೇ ಹೇಳಿಬಿಟ್ಟ. ತಂದೆತಾಯಿಯರನ್ನು ಕೊಲ್ಲಿಸಿದ ಕಾಶಿಯ ಅರಸ ಬ್ರಹ್ಮದತ್ತ ಕತ್ತಿಯ ಅಳತೆಗೆ ಸಿಕ್ಕಿದಾಗಲೂ ಅವನನ್ನು ಬಿಟ್ಟುಕೊಟ್ಟ ಕೋಸಲದ ರಾಜಕುಮಾರ ದೀರ್ಘಾಯುವಿನ ಕಥೆಯನ್ನು ಬುದ್ಧ ಹೇಳಿದ. ಕತ್ತಿ ಹಿಡಿದ ಅರಸರೇ ಹಗೆ ಬಿಡಬಲ್ಲರಾದರೆ ಭಿಕ್ಷುಗಳಿಗೆ ಅದು ಅಸಾಧ್ಯವೇ ಎಂಬುದು ಕಥೆಯ ಇಂಗಿತ. ಅದೂ ಫಲಿಸಲಿಲ್ಲ. ಬುದ್ಧ ಯಾರಿಗೂ ಹೇಳದೆ ಪಾತ್ರೆ, ಚೀವರ ತೆಗೆದುಕೊಂಡು ಕೌಶಾಂಬಿಯನ್ನು ಬಿಟ್ಟು ಹೊರಟ. ದಾರಿಯಲ್ಲಿ ಅನಿರುದ್ಧ, ನಂದಿಯ, ಕಿಂಬಿಲರೆಂಬ ಮೂವರು ಹಾಲು ನೀರು ಬೆರೆತಂತೆ ಬಾಳುತ್ತಿದ್ದುದನ್ನು ಕಂಡ. ಬಳಿಕ ಪಾರಿಲೇಯ್ಯಕದ ಕಾಡು ಸೇರಿದ. ಅಲ್ಲಿ ಅವನ ಜೊತೆಗಿದ್ದದ್ದು ಹಿಂಡಿನ ಗದ್ದಲಕ್ಕೆ ಬೇಸತ್ತು ಬಂದಿದ್ದ ಒಂದು ಆನೆ.

ತನ್ನ ಗುರುವಿನ ಮಾತು ಸೋತ ಸಂದರ್ಭವನ್ನು ಒಂದು ಧಾರ್ಮಿಕ ಪರಂಪರೆ ಮುಚ್ಚಿಡದೆ ತನ್ನ ನಿಯಮಗ್ರಂಥದಲ್ಲೇ ಉಳಿಸಿಕೊಂಡದ್ದು ಸ್ವಾರಸ್ಯದ ಸಂಗತಿ. ಗುರುವಿನ ಅಧಿಕಾರವೊಂದರಿಂದಲೇ ಸಭೆಯ ಮಾತು ಹತೋಟಿಗೆ ಬರುವುದಿಲ್ಲವೆಂಬ ತಿಳಿವು ಅದರಲ್ಲಿ ಅಡಗಿದೆ. ಕೌಶಾಂಬಿಯ ಜಗಳವನ್ನು ಕೊನೆಗೆ ಮಣಿಸಿದವರು ಊರಿನ ಜನ. ಬುದ್ಧ ಊರು ಬಿಡಲು ಈ ಭಿಕ್ಷುಗಳೇ ಕಾರಣರೆಂದು ತಿಳಿದ ಗೃಹಸ್ಥರು ಅವರಿಗೆ ಕೈಮುಗಿಯುವುದನ್ನು ನಿಲ್ಲಿಸಿದರು, ಭಿಕ್ಷೆ ಹಾಕುವುದನ್ನೂ ನಿಲ್ಲಿಸಿದರು. ಹಸಿವು ತಟ್ಟಿದ ಮೇಲೆ ಎರಡೂ ಪಕ್ಷದವರು ಬುದ್ಧನಿದ್ದ ಶ್ರಾವಸ್ತಿಗೆ ಹೊರಟರು.

ಜಗಳಗಂಟರು ಬರುತ್ತಿದ್ದಾರೆಂದು ಕೇಳಿದ ಶಾರಿಪುತ್ರ, ಮಹಾಪ್ರಜಾಪತಿ ಗೌತಮಿ, ಅನಾಥಪಿಂಡಿಕ, ವಿಶಾಖೆ ಮೊದಲಾದವರು ಅವರೊಡನೆ ಹೇಗೆ ನಡೆದುಕೊಳ್ಳಬೇಕೆಂದು ಬುದ್ಧನನ್ನು ಕೇಳಿದರು. ಅನ್ನವನ್ನು ಇಬ್ಬರಿಗೂ ಸಮನಾಗಿ ಹಂಚಬೇಕು; ಇಬ್ಬರ ಮಾತನ್ನೂ ಕೇಳಬೇಕು; ಕೇಳಿದ ಮೇಲೆ ಧರ್ಮ ಯಾವ ಕಡೆಗಿದೆಯೋ ಆ ಕಡೆಯನ್ನು ಒಪ್ಪಬೇಕು ಎಂಬುದು ಉತ್ತರ. ಅಂದರೆ ಪಕ್ಷಪಾತವಿಲ್ಲದ ಉಪಚಾರವೂ ಬೇಕು, ವಿವೇಚನೆಯೂ ಬೇಕು. ಅಷ್ಟರಲ್ಲಿ ಹೊರಗಿಡಲ್ಪಟ್ಟ ಭಿಕ್ಷು ತಾನೇ ನಿಯಮಗಳನ್ನು ಪರಿಶೀಲಿಸಿ, ತನ್ನದು ತಪ್ಪೇ ಎಂದು ಕಂಡುಕೊಂಡ. ಅವನನ್ನು ಮರಳಿ ಸೇರಿಸಿಕೊಳ್ಳಲಾಯಿತು, ಸಂಘ ಒಂದಾಯಿತು.

ಈ ಪ್ರಸಂಗದ ಕೊನೆಯಲ್ಲಿ ನಿಯಮಜ್ಞನಾದ ಉಪಾಲಿ ಒಂದು ಪ್ರಶ್ನೆ ಎತ್ತುತ್ತಾನೆ. ಜಗಳದ ಬೇರನ್ನು ಹುಡುಕದೆ ಸಂಘ ರಾಜಿಯಾದರೆ ಆ ಒಗ್ಗಟ್ಟು ನ್ಯಾಯಸಮ್ಮತವೇ? ಅಲ್ಲವೆಂದು ಬುದ್ಧ ಹೇಳುತ್ತಾನೆ. ಅಕ್ಷರದಲ್ಲಿ ಮಾತ್ರ ಇದ್ದು ಅರ್ಥದಲ್ಲಿ ಇಲ್ಲದ ಒಗ್ಗಟ್ಟು ಒಂದು, ಅಕ್ಷರ ಅರ್ಥ ಎರಡರಲ್ಲೂ ಇರುವ ಒಗ್ಗಟ್ಟು ಇನ್ನೊಂದು ಎಂದು ಅವನು ಎರಡು ಬಗೆ ಮಾಡುತ್ತಾನೆ. ಮಾತಿನ ಸಂಯಮವನ್ನು ಕುರಿತ ಬೌದ್ಧ ಚಿಂತನೆಯ ತಿರುಳೇ ಈ ಭೇದ. ಬಾಯಿ ಮುಚ್ಚಿಸಿ ಪಡೆದ ಶಾಂತಿ ಅಕ್ಷರದ ಒಗ್ಗಟ್ಟು. ಭಿನ್ನಾಭಿಪ್ರಾಯ ಹೊರಗೆ ಬಂದು, ಬೇರು ಕಂಡು, ಆಮೇಲೆ ಬಂದದ್ದು ಅರ್ಥದ ಒಗ್ಗಟ್ಟು. ವಿನಯದ ಹಲವು ನಿಯಮಗಳು ಎರಡನೆಯದಕ್ಕೆ ದಾರಿ ಮಾಡುವ ಪ್ರಯತ್ನಗಳು.

ಮೊದಲಿಗೆ ಆಡಬಾರದ ಮಾತಿನ ವಿಚಾರ. ಭಿಕ್ಷುಗಳು ಪಾಲಿಸಬೇಕಾದ ಪಾಚಿತ್ತಿಯ ಎಂಬ ನಿಯಮಗಳ ಪಟ್ಟಿಯಲ್ಲಿ ಮೊದಲ ಮೂರೂ ಮಾತಿಗೆ ಸಂಬಂಧಿಸಿದವು: ಸುಳ್ಳಾಡಬಾರದು, ಹೀನೈಸಿ ಮಾತನಾಡಬಾರದು, ಚಾಡಿ ಹೇಳಬಾರದು. ಎರಡನೆಯ ನಿಯಮದ ವಿವರಣೆಯಲ್ಲಿ ಯಾವ ಯಾವುದನ್ನು ಹಿಡಿದು ಹಂಗಿಸಬಾರದೆಂಬ ಪಟ್ಟಿಯಿದೆ: ಹುಟ್ಟು, ಹೆಸರು, ಗೋತ್ರ, ಕೆಲಸ, ಕಸುಬು, ರೋಗ, ಮೈಲಕ್ಷಣ ಹೀಗೆ. ಚಂಡಾಲ, ನಿಷಾದ, ರಥಕಾರ ಮುಂತಾಗಿ ಹುಟ್ಟಿನ ಹೆಸರು ಎತ್ತಿ ಒಬ್ಬ ಭಿಕ್ಷುವನ್ನು ಚುಚ್ಚಿದರೆ ಅದು ದೋಷ. ಹಾಗೆ ಕರೆಯಿಸಿಕೊಂಡವನು ನಿಜವಾಗಿಯೂ ಆ ಕುಲದವನೇ ಆಗಿದ್ದರೂ ದೋಷ ತಪ್ಪದು. ಚುಚ್ಚುವ ಉದ್ದೇಶದಿಂದ ಮೇಲ್ಕುಲದವನೆಂದು ವ್ಯಂಗ್ಯವಾಡಿದರೂ ದೋಷವೇ. ಎರಡೂವರೆ ಸಾವಿರ ವರ್ಷಗಳ ಹಿಂದಿನ ಸಮಾಜದಲ್ಲಿ ಜಾತಿ ಹಿಡಿದು ಬೈಯುವುದನ್ನು ನಿಯಮವಾಗಿ ನಿಷೇಧಿಸಿದ ಸಮುದಾಯವೊಂದು ಇತ್ತೆಂಬುದು ಮರೆಯಬಾರದ ಸಂಗತಿ.

ಇದೇ ನಿಯಮಕ್ಕೆ ಹೊಂದಿಕೊಂಡಂತೆ ನಂದಿವಿಶಾಲನೆಂಬ ಎತ್ತಿನ ಕಥೆ ಬರುತ್ತದೆ. ತಕ್ಷಶಿಲೆಯ ಒಬ್ಬ ಬ್ರಾಹ್ಮಣನ ಎತ್ತು ತಾನು ನೂರು ಗಾಡಿಗಳ ಸಾಲನ್ನು ಎಳೆಯಬಲ್ಲೆನೆಂದೂ, ಸಾವಿರ ನಾಣ್ಯದ ಪಂದ್ಯ ಕಟ್ಟಬಹುದೆಂದೂ ಒಡೆಯನಿಗೆ ಹೇಳಿತು. ಪಂದ್ಯದ ಹೊತ್ತಿಗೆ ಒಡೆಯ ಹುರುಪಿನಲ್ಲಿ ಎತ್ತನ್ನು ಹೀನಾಯವಾಗಿ ಕರೆದು ಗದರಿದ. ಎತ್ತು ಕದಲಲಿಲ್ಲ, ಪಂದ್ಯ ಹೋಯಿತು. ತಲೆ ತಗ್ಗಿಸಿ ಕೂತ ಒಡೆಯನಿಗೆ ಎತ್ತೇ ಧೈರ್ಯ ಹೇಳಿ, ಈ ಸಲ ಎರಡು ಸಾವಿರಕ್ಕೆ ಪಂದ್ಯ ಕಟ್ಟಲು ತಿಳಿಸಿತು. ಒಳ್ಳೆಯ ಮಾತಿನಿಂದ ಹುರಿದುಂಬಿಸಿದಾಗ ನೂರು ಗಾಡಿಗಳೂ ಮುಂದೆ ಸರಿದವು. ಹಳ್ಳಿಯಲ್ಲಿ ಬೇಸಾಯ ಮಾಡಿದ ಯಾರಿಗೂ ಈ ಕಥೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆಂದ ಮಾತ್ರಕ್ಕೆ ಮೌನವೇ ಲೇಸೆಂಬ ತೀರ್ಮಾನಕ್ಕೆ ಬರುವುದು ಸುಲಭ. ವಿನಯ ಪಿಟಕ ಆ ದಾರಿಯನ್ನೂ ಮುಚ್ಚುತ್ತದೆ. ಕೋಸಲ ದೇಶದಲ್ಲಿ ಕೆಲವು ಭಿಕ್ಷುಗಳು ಮಳೆಗಾಲದ ವರ್ಷಾವಾಸವನ್ನು ಒಟ್ಟಿಗೆ ಕಳೆಯಲು ನಿಶ್ಚಯಿಸಿದರು. ಮೂರು ತಿಂಗಳು ಜಗಳವಿಲ್ಲದೆ ಕಳೆಯಬೇಕಾದರೆ ಒಬ್ಬರೊಡನೊಬ್ಬರು ಮಾತನಾಡದಿರುವುದೇ ಉಪಾಯವೆಂದು ಗೊತ್ತುಮಾಡಿಕೊಂಡರು. ನೀರು ತರುವುದು, ಕಸ ಗುಡಿಸುವುದು ಎಲ್ಲ ಕೈಸನ್ನೆಯಲ್ಲೇ ನಡೆಯಿತು. ಅವಧಿ ಮುಗಿದ ಮೇಲೆ ಹೆಮ್ಮೆಯಿಂದ ಬಂದು ಬುದ್ಧನಿಗೆ ವರದಿ ಒಪ್ಪಿಸಿದರೆ, ದನ ಕುರಿಗಳು ಒಟ್ಟಿಗೆ ಬದುಕುವಂತೆ ಬದುಕಿ ಅದನ್ನು ಸುಖವೆಂದು ಹೇಳಿಕೊಳ್ಳುತ್ತಿದ್ದೀರೆಂದು ಅವನು ಗದರಿದ. ಮೂಕವ್ರತವನ್ನು ನಿಷೇಧಿಸಿ, ಅದರ ಜಾಗದಲ್ಲಿ ಪವಾರಣೆಯೆಂಬ ಆಚರಣೆಯನ್ನು ವಿಧಿಸಿದ.

ಪವಾರಣೆಯೆಂದರೆ ಆಹ್ವಾನ. ವರ್ಷಾವಾಸದ ಕೊನೆಯ ದಿನ ಪ್ರತಿಯೊಬ್ಬ ಭಿಕ್ಷುವೂ ಕೈಜೋಡಿಸಿ ಕುಕ್ಕರುಗಾಲಿನಲ್ಲಿ ಕುಳಿತು, ತನ್ನಲ್ಲಿ ಯಾವುದಾದರೂ ತಪ್ಪನ್ನು ಕಂಡಿದ್ದರೆ, ಕೇಳಿದ್ದರೆ, ಅನುಮಾನಿಸಿದ್ದರೆ ಕರುಣೆಯಿಂದ ತಿಳಿಸಬೇಕೆಂದು ಸಭೆಯನ್ನು ಬೇಡಿಕೊಳ್ಳಬೇಕು. ಸಂಘದಲ್ಲಿ ಹಿರಿಯನಾದವನೇ ಮೊದಲು ಬೇಡಬೇಕು. ಟೀಕೆಯನ್ನು ಕೇಳಿ ಪಡೆಯುವ ಈ ಪದ್ಧತಿ ಶ್ರೀಲಂಕಾ, ಬರ್ಮಾ, ಥಾಯ್ಲೆಂಡ್‌ಗಳ ವಿಹಾರಗಳಲ್ಲಿ ಇಂದಿಗೂ ಉಳಿದಿದೆ.

ಬೇರೆ ದಿನಗಳಲ್ಲಿ ಇನ್ನೊಬ್ಬನ ತಪ್ಪನ್ನು ಎತ್ತಿ ತೋರಿಸಬೇಕಾದರೆ ಮೊದಲು ಅವನ ಅನುಮತಿ ಕೇಳಬೇಕು. ಅನುಮತಿ ದೊರೆತ ಮೇಲೂ ಐದು ಅಂಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಬೇಕು. ಮಾತು ತಕ್ಕ ಸಮಯದಲ್ಲಿರಬೇಕು, ನಿಜವಾಗಿರಬೇಕು, ಮೃದುವಾಗಿರಬೇಕು, ಕೇಳುವವನಿಗೆ ಹಿತವಾಗುವಂತಿರಬೇಕು, ಮೈತ್ರಿಯ ಮನಸ್ಸಿನಿಂದ ಬಂದಿರಬೇಕು. ಈ ಐದರಲ್ಲಿ ನಿಜವೆಂಬುದು ಒಂದು ಮಾತ್ರ ಎಂಬುದು ಗಮನಾರ್ಹ. ಇರುವುದನ್ನೇ ಹೇಳಿದೆ, ಅದರಲ್ಲಿ ತಪ್ಪೇನು ಎಂದು ವಾದಿಸುವವನಿಗೆ ಇನ್ನೂ ನಾಲ್ಕು ಲೆಕ್ಕ ಒಪ್ಪಿಸಲು ಬಾಕಿ ಇರುತ್ತದೆ.

ನಿಯಮವಿದ್ದಲ್ಲಿ ಅದನ್ನು ತಿರುಚುವವರೂ ಇರುತ್ತಾರೆ. ವಿನಯ ಪಿಟಕದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಆರು ಮಂದಿಯ ಗುಂಪೊಂದಿದೆ. ಅನುಮತಿ ಕೇಳುವ ನಿಯಮ ಬಂದ ಕೂಡಲೇ ಈ ಆರು ಮಂದಿ, ತಮ್ಮ ತಪ್ಪನ್ನು ಯಾರಾದರೂ ಎತ್ತುವ ಮೊದಲೇ, ನಿರ್ದೋಷಿಗಳಾದ ಭಿಕ್ಷುಗಳ ಬಳಿಗೆ ಹೋಗಿ ಅನುಮತಿ ಕೇಳಿ ಅವರ ಮೇಲೆ ಆರೋಪ ಹೊರಿಸತೊಡಗಿದರು. ಆಗ ಕಾರಣವಿಲ್ಲದೆ ಅನುಮತಿ ಕೇಳುವುದೂ ದೋಷವೆಂಬ ನಿಯಮ ಬಂತು. ಹೀಗೆ ಒಂದು ನಿಯಮ, ಅದರ ದುರುಪಯೋಗ, ಅದಕ್ಕೊಂದು ತಿದ್ದುಪಡಿ ಎಂಬ ಕ್ರಮದಲ್ಲೇ ವಿನಯ ಬೆಳೆದಿದೆ. ಅದನ್ನು ಓದುವಾಗ ಸಂತರ ಚರಿತ್ರೆಗಿಂತ ಹೆಚ್ಚಾಗಿ, ಒಂದು ಊರಿನ ಪಂಚಾಯಿತಿಯ ನಡಾವಳಿ ಪುಸ್ತಕವನ್ನು ಓದಿದಂತಾಗುತ್ತದೆ.

ವ್ಯಾಜ್ಯಗಳನ್ನು ತಣಿಸಲು ಏಳು ಉಪಾಯಗಳನ್ನು ವಿನಯ ಹೇಳುತ್ತದೆ. ಮೊದಲನೆಯದು ಸಮ್ಮುಖ ವಿನಯ: ಆರೋಪಿ, ಆರೋಪ ಮಾಡುವವನು, ಸಂಘ ಎಲ್ಲರೂ ಎದುರಿಗಿದ್ದೇ ವಿಚಾರಣೆ ನಡೆಯಬೇಕು. ಕೌಶಾಂಬಿಯಲ್ಲಿ ಬೆನ್ನ ಹಿಂದಿನ ಮಾತು ಮಾಡಿದ ಅನಾಹುತಕ್ಕೆ ಇದು ನೇರವಾದ ಮದ್ದು. ಎರಡನೆಯದು ಸ್ಮೃತಿ ವಿನಯ: ಸುಳ್ಳು ಆರೋಪಕ್ಕೆ ಗುರಿಯಾದ ನಿರ್ದೋಷಿಯ ಸ್ಮರಣೆಯನ್ನೇ ಪ್ರಮಾಣವಾಗಿ ಒಪ್ಪಿ ಅವನನ್ನು ಬಿಡುಗಡೆ ಮಾಡುವುದು. ದಬ್ಬ ಮಲ್ಲಪುತ್ರನೆಂಬ ಸಜ್ಜನನ ಮೇಲೆ ಇಬ್ಬರು ಭಿಕ್ಷುಗಳ ಪ್ರಚೋದನೆಯಿಂದ ಅಪವಾದ ಬಂದಾಗ ಇದು ಜಾರಿಗೆ ಬಂತೆಂದು ಹೇಳಲಾಗಿದೆ. ಮೂರನೆಯದರಲ್ಲಿ ಬುದ್ಧಿಭ್ರಮಣೆಯ ಸ್ಥಿತಿಯಲ್ಲಿ ಮಾಡಿದ ತಪ್ಪಿಗೆ ವಿನಾಯಿತಿಯಿದೆ. ಆರೋಪಿಯೇ ಒಪ್ಪಿಕೊಂಡಷ್ಟಕ್ಕೆ ಕ್ರಮ ಕೈಗೊಳ್ಳುವುದು ಮತ್ತೊಂದು. ವಿಚಾರಣೆಯಲ್ಲಿ ನುಣುಚಿಕೊಳ್ಳುತ್ತ ಸುಳ್ಳಾಡುವವನ ಮೇಲೆ ಕ್ರಮ ಕೈಗೊಳ್ಳುವುದು ಇನ್ನೊಂದು.

ಬಹುಮತದ ನಿರ್ಣಯಕ್ಕೂ ಇವುಗಳಲ್ಲಿ ಸ್ಥಾನವಿದೆ. ಬಣ್ಣದ ಕಡ್ಡಿಗಳನ್ನು ಹಂಚಿ ಮತ ಎಣಿಸುತ್ತಿದ್ದರು. ಕಡ್ಡಿ ಹಂಚುವವನು ಆಸೆ, ದ್ವೇಷ, ಮೋಹ, ಭಯ ಈ ನಾಲ್ಕಕ್ಕೂ ಒಳಗಾಗದವನಾಗಿರಬೇಕು, ಯಾರು ಯಾವುದನ್ನು ತೆಗೆದುಕೊಂಡರೆಂದು ತಿಳಿದವನಾಗಿರಬೇಕು. ಗುಟ್ಟಾಗಿ, ಕಿವಿಯಲ್ಲಿ ಹೇಳಿ, ಬಹಿರಂಗವಾಗಿ ಎಂದು ಮತ ಪಡೆಯಲು ಮೂರು ವಿಧಾನಗಳಿದ್ದವು. ಕ್ಷುಲ್ಲಕ ವಿಷಯಕ್ಕೆ, ಅಥವಾ ಮತದಿಂದ ಸಂಘವೇ ಒಡೆಯುವ ಸಂಭವವಿದ್ದಾಗ, ಮತ ತೆಗೆಯಕೂಡದೆಂಬ ಎಚ್ಚರಿಕೆಯೂ ಇತ್ತು.

ಏಳರಲ್ಲಿ ಕೊನೆಯದರ ಹೆಸರು ತಿಣವತ್ಥಾರಕ, ಅಂದರೆ ಹುಲ್ಲು ಮುಚ್ಚುವುದು. ಜಗಳ ಬಹಳ ದಿನ ನಡೆದು, ಎರಡೂ ಪಕ್ಷದವರು ಆಡಬಾರದ್ದನ್ನು ಆಡಿ, ಮಾಡಬಾರದ್ದನ್ನು ಮಾಡಿರುತ್ತಾರೆ. ಒಂದೊಂದನ್ನೇ ಕೆದಕುತ್ತ ಹೋದರೆ ಹಗೆ ಇನ್ನಷ್ಟು ಬೆಳೆಯುತ್ತದೆ. ಆಗ ಎಲ್ಲರೂ ಒಂದೆಡೆ ಸೇರಿ, ಪ್ರತಿ ಪಕ್ಷದಿಂದ ಒಬ್ಬೊಬ್ಬ ಎದ್ದು ತಮ್ಮವರೆಲ್ಲರ ಪರವಾಗಿ ತಪ್ಪೊಪ್ಪಿಕೊಳ್ಳುತ್ತಾನೆ. ಹೊಲಸನ್ನು ಹುಲ್ಲಿನಿಂದ ಮುಚ್ಚಿದರೆ ನಾತ ಬಾರದಂತೆ, ಆ ತಪ್ಪುಗಳು ಅಲ್ಲಿಗೆ ಮುಚ್ಚಿಹೋಗುತ್ತವೆ. ಘೋರ ಅಪರಾಧಗಳಿಗೂ, ಗೃಹಸ್ಥರನ್ನು ನೋಯಿಸಿದ ತಪ್ಪುಗಳಿಗೂ ಈ ರಿಯಾಯಿತಿ ಅನ್ವಯಿಸದು. ಉಪಾಲಿಗೆ ಕೊಟ್ಟ ಉತ್ತರಕ್ಕೂ ಇದಕ್ಕೂ ವಿರೋಧವಿದೆಯೇ ಎಂದು ಕೇಳಬಹುದು. ಇಲ್ಲ. ಜಗಳದ ಬೇರನ್ನು ಅಗೆದು ನೋಡಲೇಬೇಕು. ಜಗಳದ ಕಾವಿನಲ್ಲಿ ಪರಸ್ಪರ ಎರಚಿಕೊಂಡ ಕೆಸರನ್ನು ಮಾತ್ರ ಲೆಕ್ಕ ಹಾಕುತ್ತ ಕೂರಬೇಕಾಗಿಲ್ಲ.

ಇಷ್ಟಾದರೂ ಯಾರ ಮಾತಿಗೂ ಬಗ್ಗದವನಿಗೆ ಏನು ಮಾಡುವುದು? ಇದರ ಉದಾಹರಣೆಯೂ ಕೌಶಾಂಬಿಯ ಘೋಷಿತಾರಾಮದಲ್ಲೇ ಸಿಗುತ್ತದೆ. ಛನ್ನನೆಂಬ ಭಿಕ್ಷು ಯಾರು ಬುದ್ಧಿ ಹೇಳಿದರೂ ತಿರುಗಿ ಬೀಳುತ್ತಿದ್ದ. ಬುದ್ಧ ತನ್ನ ಕೊನೆಯ ದಿನಗಳಲ್ಲಿ ಅವನಿಗೆ ಬ್ರಹ್ಮದಂಡವನ್ನು ವಿಧಿಸಬೇಕೆಂದು ಆನಂದನಿಗೆ ಹೇಳಿದ. ಶಿಕ್ಷೆಯೆಂದರೆ ಇಷ್ಟೇ: ಛನ್ನ ತನಗೆ ಬೇಕಾದ್ದನ್ನು ಮಾತನಾಡಬಹುದು; ಇತರರು ಅವನೊಡನೆ ಮಾತನಾಡುವುದಿಲ್ಲ, ಉಪದೇಶಿಸುವುದಿಲ್ಲ, ಟೀಕಿಸುವುದಿಲ್ಲ. ಛನ್ನ ಒರಟನೆಂದು ಅಂಜಿದ ಆನಂದ ಐನೂರು ಭಿಕ್ಷುಗಳೊಡನೆ ಹೋಗಿ ಈ ಸುದ್ದಿ ತಿಳಿಸಿದಾಗ ಛನ್ನ ಮೂರ್ಛೆ ಹೋದನಂತೆ. ಟೀಕೆಯನ್ನು ಸಹಿಸದಿದ್ದವನಿಗೆ, ಟೀಕಿಸುವವರೇ ಇಲ್ಲವಾದಾಗ ಅದರ ಬೆಲೆ ತಿಳಿಯಿತು. ಅವನು ಏಕಾಂತದಲ್ಲಿ ಸಾಧನೆ ಮಾಡಿ ಅರಹಂತನಾದ, ದಂಡ ತಾನಾಗಿ ತೀರಿತು ಎಂದು ಕಥೆ ಮುಗಿಯುತ್ತದೆ.

ಭಿಕ್ಷುಗಳ ಆವರಣದೊಳಗಿನ ಈ ಕಟ್ಟುಪಾಡು ಹೊರಗಿನ ಸಮಾಜಕ್ಕೂ ಅನ್ವಯಿಸೀತೇ? ಕ್ರಿ. ಪೂ. 3ನೇ ಶತಮಾನದಲ್ಲಿ ಅಶೋಕ ಇದನ್ನು ಪ್ರಯೋಗಿಸಿ ನೋಡಿದ. ಅವನ 12ನೇ ಬಂಡೆಶಾಸನದ ವಿಷಯವೇ ಮಾತಿನ ಕಾವಲು. ಎಲ್ಲ ಪಂಥಗಳ ಸಾರ ಬೆಳೆಯಬೇಕು, ಅದಕ್ಕೆ ಮೂಲ ವಚಗುತ್ತಿ, ಅಂದರೆ ಮಾತನ್ನು ಕಾಪಾಡಿಕೊಳ್ಳುವುದು ಎಂಬುದು ಅದರ ಸಾರಾಂಶ. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳುವುದಾಗಲಿ ಬೇರೆಯದನ್ನು ತೆಗಳುವುದಾಗಲಿ ಕೂಡದು. ಸಂದರ್ಭವಿದ್ದರೂ ಅದು ಹದ ಮೀರಬಾರದು. ಸ್ವಪಂಥದ ಅಭಿಮಾನದಿಂದ ಪರಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಕೇಡು ಮಾಡುತ್ತಾನೆ. ಜನ ಪರಸ್ಪರರ ಧರ್ಮವನ್ನು ಕೇಳಿ ಬಹುಶ್ರುತರಾಗಬೇಕು.

ಇಲ್ಲಿ ಕರ್ನಾಟಕದ ಪ್ರಸ್ತಾಪ ಬರುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯವಿದೆ. ಅದರ ಆವರಣದ ಕಾಳಿ ಗುಡಿಯ ಚಾವಣಿ 1980ರ ದಶಕದ ಉತ್ತರಾರ್ಧದಲ್ಲಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಚಪ್ಪಡಿಯೊಂದು ಬೆಳಕಿಗೆ ಬಂತು. ಅದರ ಎರಡೂ ಮೈಮೇಲೆ ಅಶೋಕನ ಶಾಸನಗಳಿದ್ದವು. ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ 11, 12, 13ನೇ ಶಾಸನಗಳಿಲ್ಲ. ಅವುಗಳ ಬದಲಿಗೆ ಅಧಿಕಾರಿಗಳನ್ನು ಉದ್ದೇಶಿಸಿದ ಎರಡು ಪ್ರತ್ಯೇಕ ಶಾಸನಗಳಿವೆ. ಸನ್ನತಿಯ ಚಪ್ಪಡಿಯಲ್ಲಿ ಮಾತಿನ ಸಂಯಮದ 12ನೇ ಶಾಸನವೂ, 14ನೇ ಶಾಸನವೂ, ಆ ಎರಡು ಪ್ರತ್ಯೇಕ ಶಾಸನಗಳೂ ಒಟ್ಟಿಗೆ ಇರುವುದು ವಿಶೇಷ. ಅಸೂಯೆ, ಸಿಟ್ಟು, ನಿಷ್ಠುರತೆ, ಆತುರ, ಸೋಮಾರಿತನ ಇವು ನ್ಯಾಯ ನಡೆಸುವವನಿಗೆ ಇರಬಾರದ ಗುಣಗಳೆಂದು ಪ್ರತ್ಯೇಕ ಶಾಸನವೊಂದು ಪಟ್ಟಿ ಮಾಡುತ್ತದೆ. ಪ್ರಜೆಗಳು ಹೇಗೆ ಮಾತನಾಡಬೇಕು, ಅವರ ಮಾತಿಗೆ ತೀರ್ಪು ಕೊಡುವವರು ಹೇಗಿರಬೇಕು ಎಂಬ ಎರಡೂ ಪಾಠಗಳು ಕನ್ನಡನಾಡಿನ ಒಂದೇ ಕಲ್ಲಿನ ಮೇಲೆ ಜೊತೆಯಾಗಿವೆ.

ಆದರೆ ಅಶೋಕನದೇ ಇನ್ನೊಂದು ಶಾಸನವನ್ನು ಮರೆತರೆ ಚಿತ್ರ ಅಪೂರ್ಣ. ಸಾಂಚಿ, ಸಾರನಾಥಗಳಲ್ಲೂ, ಈಗ ಪ್ರಯಾಗದ ಕೋಟೆಯಲ್ಲಿರುವ ಕಂಬದ ಮೇಲೂ ಅದು ಇದೆ. ಪ್ರಯಾಗದ ಕಂಬದಲ್ಲಿ ಅದು ಕೌಶಾಂಬಿಯ ಮಹಾಮಾತ್ರರನ್ನು ಉದ್ದೇಶಿಸಿ ಬರೆದದ್ದು. ಸಂಘವನ್ನು ಒಡೆಯುವ ಭಿಕ್ಷುವಿಗಾಗಲಿ ಭಿಕ್ಷುಣಿಗಾಗಲಿ ಬಿಳಿ ಬಟ್ಟೆ ಉಡಿಸಿ ವಿಹಾರದಿಂದ ಹೊರಗೆ ಕಳಿಸಬೇಕೆಂಬುದು ಆಜ್ಞೆ. ಬುದ್ಧ ತೀರ್ಪು ಕೊಡಲು ಹಿಂಜರಿದ ಊರಿನಲ್ಲೇ ಅರಸನ ಅಧಿಕಾರಿಗಳು ಒಗ್ಗಟ್ಟನ್ನು ಕಾಯಲು ನಿಂತರು. ಪಂಥ ಪಂಥಗಳ ನಡುವೆ ಸಹನೆಯನ್ನು ಬಯಸಿದ ಅರಸ, ತನ್ನ ಸಂಘದೊಳಗಿನ ಭೇದಕ್ಕೆ ಬಹಿಷ್ಕಾರವನ್ನು ವಿಧಿಸಿದ. ಸಭೆಯನ್ನು ಉಳಿಸಲೆಂದು ಹುಟ್ಟಿದ ನಿಯಮ, ಅಧಿಕಾರದ ಕೈಗೆ ಬಂದಾಗ ಭಿನ್ನಮತವನ್ನು ಅಡಗಿಸುವ ಸಾಧನವೂ ಆಗಬಹುದು. ಮಾತಿಗೆ ಮಿತಿ ಹಾಕುವ ಯಾವುದೇ ವ್ಯವಸ್ಥೆಯ ಜೊತೆಗೆ ಈ ಅಪಾಯ ಅಂಟಿಕೊಂಡೇ ಇರುತ್ತದೆ. ಅಕ್ಷರದ ಒಗ್ಗಟ್ಟು, ಅರ್ಥದ ಒಗ್ಗಟ್ಟು ಎಂಬ ಭೇದ ನೆನಪಾಗಬೇಕಾದದ್ದು ಇಂಥಲ್ಲೇ.

ಸಂಯಮವೆಂದರೆ ದನಿ ತಗ್ಗಿಸುವುದು ಎಂದು ತಿಳಿದವರು ಬೈಲಕುಪ್ಪೆಯ ಸೆರಾ ವಿಹಾರಕ್ಕೋ, ಮುಂಡಗೋಡಿನ ಡ್ರೆಪುಂಗ್, ಗಾಂಡೆನ್ ವಿಹಾರಗಳಿಗೋ ಹೋಗಿ ನೋಡಬೇಕು. ಟಿಬೆಟ್ಟಿನಿಂದ ಬಂದ ಭಿಕ್ಷುಗಳು ಕರ್ನಾಟಕದಲ್ಲಿ ಮತ್ತೆ ಕಟ್ಟಿದ ಈ ವಿದ್ಯಾಪೀಠಗಳ ಅಂಗಳದಲ್ಲಿ ವಾದ ನಡೆಯುವಾಗ ಗದ್ದಲವೋ ಗದ್ದಲ. ಪ್ರಶ್ನೆ ಹಾಕುವವನು ನಿಂತು, ಕಾಲು ಅಪ್ಪಳಿಸಿ, ಕೈ ತಟ್ಟಿ ಕೂಗುತ್ತಾನೆ. ಉತ್ತರಿಸುವವನು ಕುಳಿತು, ಒಪ್ಪಿದೆ, ಏಕೆ, ಹೇತು ಸಿದ್ಧವಾಗಿಲ್ಲ, ವ್ಯಾಪ್ತಿಯಿಲ್ಲ ಎಂಬಂಥ ಕೆಲವೇ 정해진 ಉತ್ತರಗಳಲ್ಲಿ ತನ್ನ ನಿಲುವನ್ನು ಕಾಯಬೇಕು. ದನಿ ಎಷ್ಟೇ ಏರಿದರೂ ಏಟು ಬೀಳುವುದು ವಾದದ ಮೇಲೆ, ಮನುಷ್ಯನ ಮೇಲಲ್ಲ. ಮರುದಿನ ಕುಳಿತವನು ನಿಲ್ಲುತ್ತಾನೆ, ನಿಂತವನು ಕೂರುತ್ತಾನೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಡಾ. ಬಿ. ಆರ್. ಅಂಬೇಡ್ಕರ್ ಅವರು ಬೌದ್ಧ ಸಂಘಗಳ ಈ ನಡಾವಳಿಯನ್ನು ನೆನಪಿಸಿದರು. ಆಸನ ವ್ಯವಸ್ಥೆ, ಠರಾವು, ಕೋರಂ, ಮತ ಎಣಿಕೆ, ಗುಪ್ತಮತದಾನ ಇವೆಲ್ಲ ಭಿಕ್ಷುಸಂಘಗಳಿಗೆ ಗೊತ್ತಿದ್ದವು. ಭಾರತ ಅಂಥ ಪದ್ಧತಿಯನ್ನು ಒಮ್ಮೆ ಕಳೆದುಕೊಂಡಿದೆ, ಎರಡನೆಯ ಬಾರಿ ಕಳೆದುಕೊಂಡೀತೇ ಎಂಬ ಆತಂಕ ಅವರದಾಗಿತ್ತು. ಜಾತಿಯ ಹೆಸರಿನ ನಿಂದೆಯನ್ನು ಜೀವನವಿಡೀ ಕಂಡಿದ್ದ ಅವರು 1956ರಲ್ಲಿ ಬೌದ್ಧ ಧರ್ಮವನ್ನು ಸ್ವೀಕರಿಸಿದರು.

ಒಂದು ಸಮುದಾಯ ಎಷ್ಟು ದಿನ ಬಾಳುತ್ತದೆಂಬುದು ಅದರಲ್ಲಿ ಭಿನ್ನಾಭಿಪ್ರಾಯ ಇದೆಯೇ ಇಲ್ಲವೇ ಎಂಬುದನ್ನು ಅವಲಂಬಿಸಿಲ್ಲ. ಭಿನ್ನಾಭಿಪ್ರಾಯವನ್ನು ಎದುರಿಗೆ ಹೇಳಲು ಅಲ್ಲಿ ಜಾಗವಿದೆಯೇ, ಹೇಳಿದವನು ಮರುದಿನವೂ ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬಲ್ಲನೇ ಎಂಬುದು ಮುಖ್ಯ. ಕೌಶಾಂಬಿಯ ವಿನಯಧರ ನಿಯಮದ ಮಟ್ಟಿಗೆ ಸರಿಯಾಗಿಯೇ ಇದ್ದ. ಕೊನೆಗೆ ಧರ್ಮಕಥಿಕನೂ ಅದನ್ನು ಒಪ್ಪಿದ. ಆದರೆ ಆ ಸರಿಯನ್ನು ಎದುರಿಗೆ ಒಂದು ಬಗೆಯಾಗಿ, ಬೆನ್ನ ಹಿಂದೆ ಇನ್ನೊಂದು ಬಗೆಯಾಗಿ ಆಡಿದ್ದಕ್ಕೆ ಇಡೀ ಸಂಘ ಬೆಲೆ ತೆರಬೇಕಾಯಿತು. ಪಾತ್ರೆಯಲ್ಲಿ ಉಳಿದಿದ್ದ ನೀರನ್ನು ಚೆಲ್ಲಲು ಕ್ಷಣ ಸಾಕಿತ್ತು.